‘ಸಂತೋಷಕ್ಕೆ’ ಯಾವ ಊರು?

ಕಳೆದ ವರ್ಷ ಆಫೀಸಿನ ರಾಜ್ಯೋತ್ಸವಕ್ಕೆ ಹಾಡುಗಳ ಪಟ್ಟಿ ಮಾಡೋ ಕೆಲಸ ನನ್ನ ತಲೆಗೆ ಬಿತ್ತು. ಆರು ಹಾಡು, ಅರ್ಧ ಗಂಟೆ, ಕೆಫೆಟೀರಿಯಾ ಮೂಲೇಲಿ ಒಂದು ಪುಟ್ಟ ಸ್ಟೇಜು. ಇನ್‌ಫ್ರಾ ಟೀಮಿನ ಹುಡುಗ ಗಿಟಾರ್, ಟೆಸ್ಟಿಂಗ್ ಟೀಮಿನ ಇಬ್ಬರು ಕೀಬೋರ್ಡು, ಡ್ರಮ್ಸು. ಪಟ್ಟಿಯ ಕೊನೇ ಹಾಡು ‘ಗೀತಾ’ ಸಿನಿಮಾದ ‘ಸಂತೋಷಕ್ಕೆ’ ಅಂತ ಬರೆದಿದ್ದೆ. ಅದು ಬೇಡ ಅಂತ ಯಾರಾದರೂ ಹೇಳಬಹುದು ಅನ್ನೋ ಯೋಚನೆಯೇ ನನಗೆ ಬಂದಿರಲಿಲ್ಲ.

ಹೇಳಿದರು. ಕಮಿಟಿಯಲ್ಲಿದ್ದ ಗೆಳೆಯನೊಬ್ಬ ಪಟ್ಟಿ ನೋಡಿ, “ಗುರು, ಇದು ಡಿಸ್ಕೋ. ರಾಜ್ಯೋತ್ಸವಕ್ಕೆ ಅಪ್ಪಟ ಕನ್ನಡದ ಹಾಡು ಹಾಕೋಣ. ಇದಕ್ಕೆ ಮ್ಯೂಸಿಕ್ ಮಾಡಿದವರು ತಮಿಳಿನವರು, ಹಾಡಿದವರು ತೆಲುಗಿನವರು, ಬೀಟು ಅಮೆರಿಕಾದ್ದು. ಕನ್ನಡದ್ದು ಅಂತ ಏನಿದೆ ಇದರಲ್ಲಿ?” ಅಂದ. ತಮಾಷೆಗೆ ಅಂದದ್ದಲ್ಲ, ಕೆಟ್ಟ ಮನಸ್ಸಿಂದಲೂ ಅಂದದ್ದಲ್ಲ. ಆ ಹೊತ್ತಿಗೆ ನನ್ನ ಬಾಯಲ್ಲಿ ಉತ್ತರ ಬರಲಿಲ್ಲ. ಕಾರಣ ಇದೆ. ನಮ್ಮದು ಗೌರಿಬಿದನೂರು ತಾಲ್ಲೂಕಿನ ನಗರಗೆರೆ ಕಡೆ. ಮನೇಲಿ ಅಮ್ಮನ ಜೊತೆ ತೆಲುಗು, ಸ್ಕೂಲಲ್ಲಿ ಮೇಷ್ಟ್ರ ಜೊತೆ ಕನ್ನಡ, ಸಂತೇಲಿ ಎರಡೂ. ತಮಿಳಿನವರು, ತೆಲುಗಿನವರು ಅಂತ ಹಾಡನ್ನ ತೆಗೆದುಹಾಕೋದಾದರೆ ಅದೇ ಲೆಕ್ಕದಲ್ಲಿ ನನ್ನನ್ನೂ ಕಮಿಟಿಯಿಂದ ತೆಗೀಬೇಕಾಗುತ್ತೆ. ಅವತ್ತು ಕೊಡದೇ ಹೋದ ಉತ್ತರ ಇದು. ಸ್ವಲ್ಪ ಉದ್ದ ಆಯ್ತು.

ಗೆಳೆಯನ ಲೆಕ್ಕದಲ್ಲಿ ಒಂದು ಹಾಡು ಎಲ್ಲಿಯದು ಅಂತ ಹೇಳೋಕೆ ಅದನ್ನ ಮಾಡಿದವರ ಹುಟ್ಟೂರು ನೋಡಿದರೆ ಸಾಕು. ಸರಿ, ಆ ಲೆಕ್ಕವನ್ನೇ ಹಿಡಿಯೋಣ. ‘ಗೀತಾ’ ಬಂದದ್ದು 1981ರಲ್ಲಿ. ಅದಕ್ಕೆ ಒಂದು ವರ್ಷ ಮೊದಲು, 1980ರಲ್ಲಿ, ಹಿಂದಿಯಲ್ಲಿ ‘ಕುರ್ಬಾನಿ’ ಬಂತು. ಅದರಲ್ಲಿ ಜೀನತ್ ಅಮಾನ್ ಕುಣಿಯೋ ‘ಆಪ್ ಜೈಸಾ ಕೋಯಿ’ ಹಾಡು ಇಂಡಿಯಾದ ಮನೆಮನೆಗೆ ಡಿಸ್ಕೋ ಅನ್ನೋ ಪದವನ್ನ ತಂದಿತು. ಸಿನಿಮಾದ ಉಳಿದ ಹಾಡುಗಳು ಕಲ್ಯಾಣ್‌ಜೀ–ಆನಂದ್‌ಜೀ ಅವರದು. ಇದೊಂದನ್ನ ಮಾತ್ರ ಲಂಡನ್ನಿನಲ್ಲಿದ್ದ ಬಿದ್ದು ಅನ್ನೋರ ಕೈಲಿ ಮಾಡಿಸಿದರು. ಹಾಡಿದವಳು ಕರಾಚಿಯಲ್ಲಿ ಹುಟ್ಟಿದ, ಇನ್ನೂ ಸ್ಕೂಲು ಓದುವ ವಯಸ್ಸಿನ ನಾಜಿಯಾ ಹಸನ್. ಆ ಹಾಡಿಗೆ ಅವಳಿಗೆ ಫಿಲಂಫೇರ್ ಪ್ರಶಸ್ತಿ ಬಂದಾಗ ಅವಳ ವಯಸ್ಸು 15. ಮಾರನೇ ವರ್ಷ ಅದೇ ಜೋಡಿಯ ‘ಡಿಸ್ಕೋ ದೀವಾನೆ’ ಆಲ್ಬಂ ಬಂತು. ಯಾವ ಸಿನಿಮಾದ ಹಂಗೂ ಇಲ್ಲದೆ ಕ್ಯಾಸೆಟ್ ಅಂಗಡಿಯಲ್ಲಿ ಹಾಡು ಮಾರಬಹುದು ಅಂತ ಈ ಕಡೆಯವರಿಗೆ ತೋರಿಸಿಕೊಟ್ಟದ್ದು ಅದೇ.

ಈ ಬಿದ್ದು ಯಾರು? ಪೂರ್ತಿ ಹೆಸರು ಬಿದ್ದು ಅಪ್ಪಯ್ಯ. ಕೊಡವರು. ಹುಟ್ಟಿದ್ದು 1945ರಲ್ಲಿ, ನಮ್ಮ ಬೆಂಗಳೂರಲ್ಲಿ. ಇಲ್ಲಿ ‘ಟ್ರೋಜನ್ಸ್’ ಅಂತ ಬ್ಯಾಂಡಿನಲ್ಲಿ ಗಿಟಾರ್ ಹಿಡಿದು ಇಂಗ್ಲಿಷ್ ಹಾಡು ಹಾಡುತ್ತಿದ್ದ ಹುಡುಗ, ಅರವತ್ತರ ದಶಕದ ಕೊನೆಯಲ್ಲಿ ಊರು ಬಿಟ್ಟು ಲಂಡನ್ ಸೇರಿದರು. 1974ರಲ್ಲಿ ಕಾರ್ಲ್ ಡಗ್ಲಸ್ ಹಾಡಿದ ‘ಕುಂಗ್ ಫೂ ಫೈಟಿಂಗ್’ ಇವರು ಪ್ರೊಡ್ಯೂಸ್ ಮಾಡಿದ್ದು. ರೆಕಾರ್ಡಿನ ಹಿಂದಿನ ಮಗ್ಗುಲಿಗೆ ಅಂತ ಅವಸರದಲ್ಲಿ ಮಾಡಿದ ಆ ಹಾಡು ಬ್ರಿಟನ್ನಿನಲ್ಲೂ ಅಮೆರಿಕಾದಲ್ಲೂ ಮೊದಲ ಸ್ಥಾನಕ್ಕೆ ಹೋಯ್ತು. ಇನ್ನು ‘ಕುರ್ಬಾನಿ’ಯ ನಿರ್ದೇಶಕ ಫಿರೋಜ್ ಖಾನ್? ಅವರೂ ಬೆಂಗಳೂರಲ್ಲೇ ಹುಟ್ಟಿದವರು. 2009ರಲ್ಲಿ ಕೊನೆಯುಸಿರೆಳೆದದ್ದೂ ಬೆಂಗಳೂರಲ್ಲೇ.

ಅಂದರೆ ಇಂಡಿಯಾದ ಡಿಸ್ಕೋ ಹುಚ್ಚಿಗೆ ಬೆಂಕಿ ಹಚ್ಚಿದ ಹಾಡನ್ನ ಮಾಡಿಸಿದವರು ಬೆಂಗಳೂರಿನವರು, ಮಾಡಿದವರು ಬೆಂಗಳೂರಿನವರು. ಹುಟ್ಟೂರಿನ ಲೆಕ್ಕದಲ್ಲಿ ರಾಜ್ಯೋತ್ಸವದ ದಿನ ಹಾಡಬೇಕಾದ್ದು ‘ಆಪ್ ಜೈಸಾ ಕೋಯಿ’. ಆದರೆ ಅದನ್ನ ನಮ್ಮ ಹಾಡು ಅಂತ ಯಾರೂ ಅನ್ನಲ್ಲ. ನಾನೂ ಅನ್ನಲ್ಲ. ನನ್ನ ಗೆಳೆಯನಂತೂ ಅನ್ನಲ್ಲ. ಹಾಗಾದರೆ ಲೆಕ್ಕದಲ್ಲೇ ಏನೋ ತಪ್ಪಿದೆ ಅಂತ ಆಯ್ತಲ್ಲ?

ಎರಡೂ ಹಾಡನ್ನ ಇಯರ್‌ಫೋನ್ ಹಾಕಿಕೊಂಡು ಒಂದಾದ ಮೇಲೊಂದು ಕೇಳಿ ನೋಡಿ. ನಾನು ಮೊನ್ನೆ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಕೂತು ಕೇಳಿದೆ, ಟೈಮು ಬೇಕಾದಷ್ಟಿತ್ತು. ‘ಆಪ್ ಜೈಸಾ ಕೋಯಿ’ ಸ್ಟುಡಿಯೋದಲ್ಲಿ ಹುಟ್ಟಿದ ಹಾಡು. ತಾಳ ಗೋಡೆ ಗಡಿಯಾರದ ಥರ ಒಂದೇ ಸಮ ಬಡಿಯುತ್ತೆ. ಮಧ್ಯೆ ಮಧ್ಯೆ ವಿಡಿಯೋ ಗೇಮಲ್ಲಿ ಗುಂಡು ಹಾರಿಸಿದ ಹಾಗೆ ‘ಪ್ಯೂಂ’ ಅಂತ ಎಲೆಕ್ಟ್ರಾನಿಕ್ ಡ್ರಮ್ಮಿನ ಸದ್ದು. ಹುಡುಗಿಯ ದನಿ ತೆಳ್ಳಗೆ, ಸ್ವಲ್ಪ ಮೂಗಿನಿಂದ ಬರುತ್ತೆ, ಅದರ ಹಿಂದೆ ಪ್ರತಿಧ್ವನಿ. ಲತಾ, ಆಶಾ ದನಿಗೆ ಒಗ್ಗಿದ್ದ ಕಿವಿಗೆ ಇದು ಪಕ್ಕದ ಮನೆ ಹುಡುಗಿ ಹಾಡಿದ ಹಾಗೆ ಕೇಳಿಸಿರಬೇಕು. ಆ ಹಾಡಿನ ಮೋಡಿ ಇರೋದೇ ಅದರ ತಣ್ಣಗಿನ ಗುಣದಲ್ಲಿ. ಯಂತ್ರ ಬೆವರೋದಿಲ್ಲ, ಹಾಡುವವಳೂ ಬೆವರೋದಿಲ್ಲ. 1977ರಲ್ಲಿ ಡೊನಾ ಸಮ್ಮರ್ ಹಾಡಿದ ‘ಐ ಫೀಲ್ ಲವ್’ ಹೆಚ್ಚುಕಮ್ಮಿ ಸಿಂಥಸೈಜರೊಂದನ್ನೇ ನಂಬಿ ಮಾಡಿದ ಹಾಡು. ಅಲ್ಲಿಂದ ಶುರುವಾದ ದಾರಿಯಲ್ಲಿ ಬಂದದ್ದು ಇದು.

‘ಸಂತೋಷಕ್ಕೆ’ ಹಾಗಲ್ಲ. ಅದೂ ಡಿಸ್ಕೋ ಬೀಟಿನ ಮೇಲೇ ನಿಂತಿದೆ. ಆದರೆ ಆ ಕಾಲದ ಮದ್ರಾಸಿನ ಸ್ಟುಡಿಯೋಗಳಲ್ಲಿ ಹಾಡು ರೆಕಾರ್ಡ್ ಆಗ್ತಿದ್ದದ್ದು ಹಾಲಿನ ತುಂಬ ವಾದ್ಯದವರು ಕೂತು ಒಟ್ಟಿಗೆ ನುಡಿಸಿ. ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿಂದ. ಇಳಯರಾಜ ಪ್ರತಿಯೊಬ್ಬರ ಪಾಲಿನ ಸ್ವರಗಳನ್ನೂ ಹಾಳೆಯ ಮೇಲೆ ಬರೆದು ಕೊಡುತ್ತಿದ್ದರು. ಹಾಗಾಗಿ ಈ ಹಾಡಲ್ಲಿ ಬೇಸ್ ಗಿಟಾರ್ ನಡೆಯೋ ರೀತಿ ಕೇಳಿದರೆ ಹಿಂದೆ ಒಬ್ಬ ಮನುಷ್ಯನ ಬೆರಳು ಓಡಾಡ್ತಿದೆ ಅಂತ ಗೊತ್ತಾಗುತ್ತೆ. ಬೀಟು ಪರದೇಶದ್ದು, ಅದನ್ನ ನುಡಿಸ್ತಿರೋ ಕೈ ಇಲ್ಲಿಯದು. ಅದರ ಮೇಲೆ ಎಸ್.ಪಿ. ಬಾಲಸುಬ್ರಹ್ಮಣ್ಯಂ. ಈ ಹಾಡಲ್ಲಿ ಅವರು ನಗ್ತಾರೆ, ಪದಗಳನ್ನ ಎಳೀತಾರೆ, ಬೇಕಾದಲ್ಲಿ ಬಿಟ್ಟುಬಿಡ್ತಾರೆ. ನಾಜಿಯಾ ಮೈಕಿನ ಮುಂದೆ ಒಬ್ಬಳೇ ನಿಂತು ಹಾಡಿದ ಹಾಗಿದ್ದರೆ, ಎಸ್‌ಪಿಬಿ ನೂರು ಜನರ ಮಧ್ಯೆ ನಿಂತು ಹಾಡಿದ ಹಾಗಿದೆ.

ಸಾಹಿತ್ಯ ಚಿ. ಉದಯಶಂಕರ್ ಅವರದು. ಇವರ ತಂದೆ ಚಿ. ಸದಾಶಿವಯ್ಯ ಕೂಡ ಸಿನಿಮಾಕ್ಕೆ ಬರೆದವರು. ಡಾ. ರಾಜ್ ಸಿನಿಮಾಗಳಿಗೆ ನೂರಾರು ಹಾಡು ಬರೆದ ಆ ಕೈಗೆ ಛಂದಸ್ಸು, ನೀತಿ, ಭಕ್ತಿ ಎಲ್ಲಾ ಗೊತ್ತಿತ್ತು. ಇಲ್ಲಿ ಅವರು ಅದನ್ನೆಲ್ಲ ಪಕ್ಕಕ್ಕಿಟ್ಟಿದ್ದಾರೆ. ಸಾಹಿತ್ಯದಲ್ಲಿ ಆಳ ಇಲ್ಲ ಅಂತ ಕೆಲವರು ಅಂತಾರೆ. ನಿಜ, ಕವಿತೆ ಅಂತ ಕಾಗದದ ಮೇಲೆ ಓದಿದರೆ ಕೈಗೆ ಹೆಚ್ಚೇನೂ ಸಿಗೋದಿಲ್ಲ. ಆದರೆ ಹಾಡು ನಿಂತಿರೋದು ಆ ಮೊದಲನೇ ಪದದ ಮೇಲೆ, ಅದನ್ನ ಗಮನಿಸಿ. ‘ಸಂತೋಷಕ್ಕೆ’. ಕೊನೆಗೆ ಆ ಒತ್ತಕ್ಷರ, ‘ಕ್ಕೆ’. ಇಂಗ್ಲಿಷಲ್ಲಿ ಡಿಸ್ಕೋ ಹಾಡು ಬರೆಯೋರು ಬೀಟಿಗೆ ಹೊಂದಲಿ ಅಂತ ಒಂದಕ್ಷರದ ಪದಗಳನ್ನ ಹುಡುಕಬೇಕು. ಇಲ್ಲಿ ಕನ್ನಡದ ಚತುರ್ಥಿ ವಿಭಕ್ತಿಯೇ ಡ್ರಮ್ಮಿನ ಪೆಟ್ಟಾಗಿದೆ. ಹೈಸ್ಕೂಲಲ್ಲಿ ‘ಗೆ, ಇಗೆ, ಕ್ಕೆ’ ಅಂತ ಬಾಯಿಪಾಠ ಮಾಡಿದ್ದು ನಮ್ಮಲ್ಲಿ ಎಷ್ಟು ಜನಕ್ಕೆ ನೆನಪಿದೆಯೋ! ಆ ‘ಕ್ಕೆ’ಗೆ ಕುಣಿಯೋ ಶಕ್ತಿ ಇದೆ ಅಂತ ಮೇಷ್ಟ್ರು ಹೇಳಿರಲಿಲ್ಲ. ಅದನ್ನ ತೋರಿಸಿದ್ದು ಈ ಹಾಡು.

ಅರ್ಥದಲ್ಲೂ ಆ ‘ಕ್ಕೆ’ ಒಂದು ಕೆಲಸ ಮಾಡುತ್ತೆ. ಅಲ್ಲಿಯವರೆಗೆ ನಮ್ಮ ಸಿನಿಮಾ ಹಾಡಿಗೆ ಯಾವಾಗಲೂ ಒಂದು ಕಾರಣ ಬೇಕಿತ್ತು. ತಾಯಿ ಪ್ರೀತಿಗೆ ಹಾಡು, ನಾಡಿನ ಹಿರಿಮೆಗೆ ಹಾಡು, ದೇವರಿಗೆ ಹಾಡು, ಬುದ್ಧಿ ಹೇಳೋಕೆ ಹಾಡು. ಕ್ಲಬ್ಬಿನ ಹಾಡುಗಳೂ ಇದ್ದವು, ಆದರೆ ಅಲ್ಲಿ ಕುಣಿಯೋದು ಸಾಮಾನ್ಯವಾಗಿ ವಿಲನ್ ಕಡೆಯವರು. ಹೀರೋ ಅಲ್ಲಿಗೆ ಹೋದರೂ ಪತ್ತೇದಾರಿ ಕೆಲಸಕ್ಕೆ ಹೋಗಬೇಕು. 1978ರ ‘ಆಪರೇಷನ್ ಡೈಮಂಡ್ ರಾಕೆಟ್’ನಲ್ಲಿ ರಾಜ್‌ಕುಮಾರ್ ಇಂಗ್ಲಿಷಲ್ಲಿ ಹಾಡಿದ್ದೂ ಬಾಂಡ್ ಶೈಲಿಯ ಕಥೆಯ ಒಳಗೇ. ‘ಸಂತೋಷಕ್ಕೆ’ ಈ ಸಬೂಬುಗಳನ್ನ ಬಿಟ್ಟಿತು. ಯಾತಕ್ಕೆ ಹಾಡ್ತಿದ್ದೀಯ ಅಂದರೆ ಸಂತೋಷಕ್ಕೆ, ಅಷ್ಟೇ. ಹಾಡುವವನು ಕೆಟ್ಟವನಲ್ಲ, ಕುಡಿದಿಲ್ಲ, ವೇಷ ಹಾಕಿಲ್ಲ. ಸಂಗೀತದ ಹುಚ್ಚಿರೋ ಒಬ್ಬ ಒಳ್ಳೇ ಹುಡುಗ. ಆ ಸಿನಿಮಾದ ಪ್ರೇಮಕಥೆ ಮುಂದೆ ಕಾಯಿಲೆ, ಸಾವಿನ ಕಡೆ ತಿರುಗುತ್ತೆ. ಅದು ಗೊತ್ತಿದ್ದು ಕೇಳಿದಾಗ ಹಾಡಿನ ಹುರುಪಿನ ಅಡಿಯಲ್ಲಿ ಸಣ್ಣ ನೋವು ಇದೆ ಅನ್ನಿಸುತ್ತೆ. ಸಿನಿಮಾ ನೋಡದೇ ಇದ್ದವರಿಗೆ ಅದು ಬೇಕಾಗಿಲ್ಲ. ನಾನು ಹಾಡು ಕೇಳಿ ಹತ್ತು ವರ್ಷ ಆದ ಮೇಲೆ ಸಿನಿಮಾ ನೋಡಿದವನು.

ಈಗ ಹುಟ್ಟೂರಿನ ಪ್ರಶ್ನೆಗೆ ವಾಪಸ್ ಬರೋಣ. ಇಳಯರಾಜ ಪಣ್ಣೈಪುರಂನವರು, ನಿಜ. ಆದರೆ ಸ್ವಂತ ಹೆಸರಲ್ಲಿ ಸಂಗೀತ ಕೊಡೋದಕ್ಕೆ ಮೊದಲು ವರ್ಷಗಟ್ಟಲೆ ಅವರು ಕೆಲಸ ಕಲಿತದ್ದು ಜಿ.ಕೆ. ವೆಂಕಟೇಶ್ ಹತ್ತಿರ ಸಹಾಯಕರಾಗಿ. ಜಿ.ಕೆ.ವಿ. ಕನ್ನಡದ ದೊಡ್ಡ ಸಂಗೀತ ನಿರ್ದೇಶಕರು. ಅಂದರೆ ಇಳಯರಾಜ ಅವರ ‘ಟ್ರೈನಿಂಗ್ ಪ್ರಾಜೆಕ್ಟ್’ಗಳಲ್ಲಿ ಎಷ್ಟೋ ಕನ್ನಡ ಸಿನಿಮಾಗಳೇ. ‘ಗೀತಾ’ದಲ್ಲೇ ಇರೋ ‘ಜೊತೆಯಲಿ ಜೊತೆಜೊತೆಯಲಿ’ ರಾಗವನ್ನ ಅವರು 1984ರಲ್ಲಿ ತಮಿಳಿನ ‘ನೂರಾವದು ನಾಳ್’ಗೆ, 2007ರಲ್ಲಿ ಹಿಂದಿಯ ‘ಚೀನಿ ಕಮ್’ಗೆ ತೆಗೆದುಕೊಂಡು ಹೋದರು. ಮದ್ರಾಸಿನಿಂದ ನಮಗೆ ಬಂದದ್ದಷ್ಟೇ ಕಣ್ಣಿಗೆ ಬೀಳುತ್ತೆ, ಇಲ್ಲಿಂದ ಹೋದದ್ದೂ ಇದೆ. ಎಸ್‌ಪಿಬಿ ನೆಲ್ಲೂರು ಕಡೆಯವರು. 2020ರ ಸೆಪ್ಟೆಂಬರಲ್ಲಿ ಅವರು ಹೋದಾಗ ನನ್ನ ಫೋನಲ್ಲಿ ಸ್ಟೇಟಸ್ ಹಾಕಿದ ಮುಕ್ಕಾಲು ಜನ ಕನ್ನಡದವರು. ಇನ್ನು ಹೀರೋ, ಡೈರೆಕ್ಟರ್ ಎರಡೂ ಆದ ಶಂಕರ್ ನಾಗ್ ಹೊನ್ನಾವರ ಕಡೆಯವರು, ಮನೆಮಾತು ಕೊಂಕಣಿ. ಆಟೋ ಹಿಂದೆ ಅವರ ಫೋಟೋ ಅಂಟಿಸಿಕೊಂಡ ಯಾವ ಡ್ರೈವರಣ್ಣನೂ ಇವತ್ತಿನವರೆಗೆ ಅದನ್ನ ಕೇಳಿಲ್ಲ.

ನಮ್ಮ ಕಡೆ ಇದೇನು ಹೊಸದಲ್ಲ. ಚಿಂತಾಮಣಿ ಹತ್ತಿರ ಕೈವಾರ ಇದೆ. ಅಲ್ಲಿಯ ತಾತಯ್ಯ ಯೋಗಿ ನಾರೇಯಣರು ತೆಲುಗಿನಲ್ಲೂ ಕನ್ನಡದಲ್ಲೂ ಪದ ಕಟ್ಟಿದರು. ಇವತ್ತಿಗೂ ಭಜನೆ ಮನೇಲಿ ಎರಡೂ ಹಾಡ್ತಾರೆ. ಇದು ಯಾವ ಭಾಷೆ ಅಂತ ಮಧ್ಯದಲ್ಲಿ ಯಾರೂ ತಾಳ ನಿಲ್ಲಿಸಲ್ಲ.

ನಾನು ‘ಸಂತೋಷಕ್ಕೆ’ ಮೊದಲು ಕೇಳಿದ್ದು ಗಣೇಶನ ಹಬ್ಬದ ಆರ್ಕೆಸ್ಟ್ರಾದಲ್ಲಿ, ತೊಂಬತ್ತರ ದಶಕದ ಮಧ್ಯದಲ್ಲಿ. ಗೌರಿಬಿದನೂರಿನಿಂದ ಬಂದ ಟೆಂಪೋದಲ್ಲಿ ಐದು ಜನ, ಒಂದು ಕ್ಯಾಸಿಯೋ, ಒಂದು ರಿದಂ ಪ್ಯಾಡು, ಎರಡು ದೊಡ್ಡ ಸ್ಪೀಕರು. ಹಳ್ಳಿ ಆರ್ಕೆಸ್ಟ್ರಾದ ನಿಯಮ ನಿಮಗೆ ಗೊತ್ತಿರಬೇಕು. ಮೊದಲು ಗಣಪತಿ ಹಾಡು, ಆಮೇಲೆ ಅಣ್ಣಾವ್ರ ಹಾಡು, ಆಮೇಲೆ ನಮ್ಮ ಕಡೆ ಆದ್ದರಿಂದ ಒಂದೆರಡು ಚಿರಂಜೀವಿ, ಬಾಲಕೃಷ್ಣ. ಜನ ಎದ್ದು ಹೋಗೋ ಹೊತ್ತಿಗೆ ಕೊನೇ ಅಸ್ತ್ರ ಅಂತ ‘ಸಂತೋಷಕ್ಕೆ’. ಮದ್ರಾಸಿನಲ್ಲಿ ಹಾಲು ತುಂಬ ಜನ ಕೂತು ನುಡಿಸಿದ್ದನ್ನ ಇಲ್ಲಿ ಒಬ್ಬ ಕ್ಯಾಸಿಯೋದವನು ಎರಡು ಕೈಲಿ ನುಡಿಸಬೇಕು. ತುತ್ತೂರಿಗಳ ಜಾಗದಲ್ಲಿ ‘ಪೀಂ’ ಅಂತ ಒಂದು ಪ್ಲಾಸ್ಟಿಕ್ ಸದ್ದು. ಮದ್ರಾಸಿನಲ್ಲಿ ಮನುಷ್ಯರ ಕೈಲಿ ಹುಟ್ಟಿದ ಡಿಸ್ಕೋ ನಮ್ಮೂರಿಗೆ ಬರೋ ಹೊತ್ತಿಗೆ ನಿಜವಾಗಲೂ ಎಲೆಕ್ಟ್ರಾನಿಕ್ ಆಗಿತ್ತು. ಸಂಗೀತ ಬಲ್ಲವರು ಕೇಳಿದ್ದರೆ ಕಿವಿ ಮುಚ್ಚಿಕೊಳ್ಳುತ್ತಿದ್ದರೋ ಏನೋ. ನಮಗೆ ಅದು ಗೊತ್ತಾಗಲಿಲ್ಲ. ಬೀಡಿ ಸೇದುತ್ತಾ ಹಿಂದೆ ಕೂತಿದ್ದ ನಮ್ಮ ಮಾವ, ಕನ್ನಡದಲ್ಲಿ ನಾಲ್ಕು ಮಾತು ಸರಿಯಾಗಿ ಆಡದೇ ಇದ್ದ ಮನುಷ್ಯ, “ಮಳ್ಳಾ ಪಾಡಿಂಚಂಡ್ರಾ” ಅಂತ ಕೂಗಿದರು. ಇನ್ನೊಂದು ಸಲ ಹಾಡಿಸ್ರೋ ಅಂತ. ಹಾಡಿಸಿದರು ಕೂಡ.

ಒಂದು ಹಾಡಿಗೆ ಇದಕ್ಕಿಂತ ದೊಡ್ಡ ವಿಮರ್ಶೆ ನಾನು ಓದಿಲ್ಲ. ತೆಲುಗು ಮಾತಾಡೋ ರೈತನೊಬ್ಬನನ್ನ ಕನ್ನಡ ಹಾಡಿಗೆ ಒನ್ಸ್ ಮೋರ್ ಕೇಳೋ ಹಾಗೆ ಮಾಡೋದು ಯಾವ ಹೋರಾಟಕ್ಕೂ ಅಷ್ಟು ಸುಲಭಕ್ಕೆ ಆಗೋ ಕೆಲಸವಲ್ಲ.

ಹಾಗಾದರೆ ಬಿದ್ದು ಯಾಕೆ ನಮ್ಮವರಾಗಲಿಲ್ಲ? ಇದು ಅವರನ್ನ ಬೈಯೋ ಪ್ರಶ್ನೆ ಅಲ್ಲ. ಅರವತ್ತರ ದಶಕದ ಬೆಂಗಳೂರಲ್ಲಿ ಗಿಟಾರ್ ಹಿಡಿದ ಒಬ್ಬ ಹುಡುಗನ ಮುಂದೆ ಇದ್ದ ದಾರಿಗಳನ್ನ ಯೋಚನೆ ಮಾಡಿ. ಗಿಟಾರ್ ಇದ್ದದ್ದು ದಂಡು ಪ್ರದೇಶದಲ್ಲಿ, ಇಂಗ್ಲಿಷ್ ಹಾಡಿನ ಜೊತೆ. ಕನ್ನಡ ಸಿನಿಮಾ ವ್ಯಾಪಾರ ಇದ್ದದ್ದು ಗಾಂಧಿನಗರದಲ್ಲಿ. ಕನ್ನಡ ಹಾಡು ತಯಾರಾಗ್ತಿದ್ದದ್ದು ಮದ್ರಾಸಿನಲ್ಲಿ. ಎಂ.ಜಿ. ರಸ್ತೆಯಿಂದ ಗಾಂಧಿನಗರಕ್ಕೆ ನಾಲ್ಕೈದು ಕಿಲೋಮೀಟರ್, ಆದರೆ ಸಂಗೀತಕ್ಕೆ ಆ ರಸ್ತೆ ಇರಲಿಲ್ಲ. ಕನ್ನಡದಲ್ಲಿ ಸಿನಿಮಾ ಬಿಟ್ಟು ಪಾಪ್ ಹಾಡು ಅನ್ನೋದೇ ಇರಲಿಲ್ಲ. ನಮ್ಮಲ್ಲಿ ‘ಸಿಂಗಲ್’ ಅಂದರೆ ಸಿನಿಮಾ ಹಾಡೇ. ಬಡಿಯೋಕೆ ಬಾಗಿಲೇ ಇಲ್ಲದ ಮನೆಗೆ ಆ ಹುಡುಗ ಹೇಗೆ ಬರಬೇಕಿತ್ತು? ಲಂಡನ್ನೇ ಹತ್ತಿರವಾಗಿತ್ತು.

ಈ ರಸ್ತೆ ಇಲ್ಲ ಅನ್ನೋದನ್ನ ಕಂಡವರು ಶಂಕರ್ ನಾಗ್. ನಾಟಕ, ಸಿನಿಮಾ, ಟೀವಿ ಅಂತ ಓಡಾಡುತ್ತಲೇ ಬೆಂಗಳೂರಲ್ಲೇ ರೆಕಾರ್ಡಿಂಗ್ ಆಗಲಿ ಅಂತ ‘ಸಂಕೇತ್ ಎಲೆಕ್ಟ್ರಾನಿಕ್ಸ್’ ಸ್ಟುಡಿಯೋ ಕಟ್ಟಿದರು. ಅದಕ್ಕೇ ನನಗೆ ‘ಸಂತೋಷಕ್ಕೆ’ಯನ್ನ ಅವರ ಜೀವನದಿಂದ ಬೇರೆ ಮಾಡಿ ನೋಡೋಕೆ ಆಗಲ್ಲ. ಆ ಹಾಡಲ್ಲಿ ಅವರು ಅದ್ಭುತವಾಗಿ ಕುಣೀತಾರೆ ಅಂತ ನಾನು ಸುಳ್ಳು ಹೇಳಲ್ಲ. ಕೈಕಾಲು ಎಲ್ಲೆಲ್ಲೋ ಹೋಗುತ್ತೆ. ಆದರೆ ಆ ಕುಣಿತದಲ್ಲಿ ‘ಇದನ್ನೂ ನಾವು ಮಾಡಬಹುದಲ್ಲ’ ಅನ್ನೋ ಒಂದು ಧೈರ್ಯ ಇದೆ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರ ಆನಗೋಡಿನಲ್ಲಿ ಅಪಘಾತದಲ್ಲಿ ಹೋದಾಗ ಅವರಿಗೆ 36 ಕೂಡ ತುಂಬಿರಲಿಲ್ಲ. ನನಗೆ ಈಗ ಅದಕ್ಕಿಂತ ಒಂದು ವರ್ಷ ಜಾಸ್ತಿ. ಇಷ್ಟು ವರ್ಷದಲ್ಲಿ ನಾನು ಕಟ್ಟಿದ್ದು ಅಂದರೆ ಹೋಂ ಲೋನಿನ ಕಂತು ಮಾತ್ರ.

ಹಾಡನ್ನ ಹೊಗಳಿದ್ದು ಸಾಕು, ಒಂದು ತಕರಾರನ್ನೂ ಹೇಳಿಬಿಡ್ತೀನಿ. ‘ಸಂತೋಷಕ್ಕೆ’ ಒಂದು ಬಾಗಿಲು ತೆಗೀತು, ಆದರೆ ಅದರೊಳಗೆ ತಕ್ಷಣ ಯಾರೂ ಬರಲಿಲ್ಲ. ಹಿಂದಿಯವರು ‘ಡಿಸ್ಕೋ ದೀವಾನೆ’ ಕೇಳಿದ ಮೇಲೆ ಸಿನಿಮಾ ಇಲ್ಲದ ಪಾಪ್ ಹಾಡಿಗೆ ಒಂದು ಜಾಗ ಮಾಡಿಕೊಂಡರು. ಮುಂದೆ 1995ರಲ್ಲಿ ಅದೇ ಬಿದ್ದು ಅಲೀಶಾ ಚಿನಾಯ್ ಕೈಲಿ ‘ಮೇಡ್ ಇನ್ ಇಂಡಿಯಾ’ ಹಾಡಿಸಿದರು. ಮುಂಬೈನ ಚರಣ್‌ಜಿತ್ ಸಿಂಗ್ 1982ರಲ್ಲೇ ಹತ್ತು ರಾಗಗಳನ್ನ ಸಿಂಥಸೈಜರಿನಲ್ಲಿ ಡಿಸ್ಕೋ ಬೀಟಿಗೆ ನುಡಿಸಿ ರೆಕಾರ್ಡ್ ಬಿಟ್ಟರು, ಆಗ ಯಾರೂ ಕೇಳಲಿಲ್ಲ, 2010ರಲ್ಲಿ ಮತ್ತೆ ಹೊರಬಂದಾಗ ಯೂರೋಪಿನವರು ಬಾಯಿಮೇಲೆ ಬೆರಳಿಟ್ಟರು. ನಮ್ಮಲ್ಲಿ ಅಂಥ ಹುಚ್ಚಾಟಕ್ಕೂ ಜಾಗ ಇರಲಿಲ್ಲ. 1987ರಲ್ಲಿ ಹಂಸಲೇಖ–ರವಿಚಂದ್ರನ್ ‘ಪ್ರೇಮಲೋಕ’ ತರೋವರೆಗೆ ಆ ಹುರುಪು ಮತ್ತೆ ಅಷ್ಟು ದೊಡ್ಡದಾಗಿ ಕಾಣಲಿಲ್ಲ. ಆಗಲೂ ಅದು ಸಿನಿಮಾದ ಒಳಗೇ. ನಲವತ್ತು ವರ್ಷದ ಮೇಲೂ ಕುಣಿಯೋಕೆ ಒಂದು ಕನ್ನಡ ಹಾಡು ಹೇಳಿ ಅಂದರೆ ನಾವೆಲ್ಲ ‘ಸಂತೋಷಕ್ಕೆ’ ಅಂತೀವಲ್ಲ, ಅದು ಹಾಡಿನ ಹೆಗ್ಗಳಿಕೆಯ ಜೊತೆಗೆ ನಮ್ಮ ಬಡತನವೂ ಹೌದು.

ಗೆಳೆಯನ ಪ್ರಶ್ನೆ ಏನಿತ್ತು? ಕನ್ನಡದ್ದು ಅಂತ ಏನಿದೆ ಇದರಲ್ಲಿ? ನನ್ನ ಉತ್ತರ ಇಷ್ಟು. ಕನ್ನಡದ ಒಂದು ವಿಭಕ್ತಿ ಪ್ರತ್ಯಯ ಇದೆ. ಕನ್ನಡದ ಕವಿಯೊಬ್ಬರು ನೀತಿ ಹೇಳದೇ ಬರೆದ ಹಾಡಿದೆ. ಕನ್ನಡ ಸಿನಿಮಾದಲ್ಲಿ ಕೆಲಸ ಕಲಿತ ಒಬ್ಬರ ಸಂಗೀತ ಇದೆ. ಕನ್ನಡಕ್ಕೆ ಏನೂ ಕಮ್ಮಿ ಇರಬಾರದು ಅಂತ ಹಟ ಹಿಡಿದ ಒಬ್ಬ ಕೊಂಕಣಿ ಮನೆಮಾತಿನ ಹುಡುಗ ಇದ್ದಾನೆ. ಆಮೇಲೆ ಅದನ್ನ ಹಾಡಿ, ಹಾಡಿಸಿ, ಕ್ಯಾಸಿಯೋದಲ್ಲಿ ಕೆಡಿಸಿ, ಆದರೂ ಬಿಡದೇ ಉಳಿಸಿಕೊಂಡ ಊರೂರಿನ ಜನ ಇದ್ದಾರೆ. ಮಾಡಿದವರು ಎಲ್ಲಿ ಹುಟ್ಟಿದರು ಅನ್ನೋದಕ್ಕಿಂತ, ಅದನ್ನ ಯಾರು ಯಾವ ಭಾಷೇಲಿ ಬಾಯಿಗೆ ತಂದುಕೊಂಡರು ಅನ್ನೋದರಿಂದ ಹಾಡು ಒಂದು ಕಡೆಯದಾಗುತ್ತೆ. ಜನಕ್ಕೂ ಅದೇ ಲೆಕ್ಕ ಹಾಕಬಹುದು ಅಂತ ನನ್ನ ಅಭಿಪ್ರಾಯ. ಇದರಲ್ಲಿ ನನ್ನ ಸ್ವಾರ್ಥವೂ ಇದೆ, ಒಪ್ಪಿಕೊಳ್ತೀನಿ.

ಅವತ್ತು ನಾನು ವಾದ ಮಾಡಲಿಲ್ಲ, ಪಟ್ಟಿಯಿಂದ ಹಾಡು ತೆಗೆದೆ. ಕಾರ್ಯಕ್ರಮದಲ್ಲಿ ಐದು ಹಾಡು ಆಯ್ತು. ಇನ್ನೂ ಹತ್ತು ನಿಮಿಷ ಟೈಮಿತ್ತು. ಗಿಟಾರಿನ ಹುಡುಗ ಯಾರನ್ನೂ ಕೇಳದೇ ಆ ಬೇಸ್ ಲೈನ್ ಶುರು ಮಾಡಿಬಿಟ್ಟ. ಅವನು ಒಡಿಶಾದವನು, ಬೆಂಗಳೂರಿಗೆ ಬಂದು ಮೂರು ವರ್ಷ. ಎದುರಿಗಿದ್ದವರಲ್ಲಿ ಅರ್ಧ ಜನಕ್ಕೆ ಕನ್ನಡ ಬರಲ್ಲ, ‘ಕ್ಕೆ’ ಬಂದ ಕಡೆಯಲ್ಲೆಲ್ಲ ಚಪ್ಪಾಳೆ ಮಾತ್ರ ಸರಿಯಾಗಿ ಬೀಳ್ತಿತ್ತು. ನನ್ನ ಗೆಳೆಯ ಎರಡನೇ ಸಾಲಲ್ಲಿ ಕುಣೀತಿದ್ದ. ಈ ವರ್ಷದ ಪಟ್ಟಿಯಲ್ಲಿ ಮೊದಲೇ ಬರೆದಿಟ್ಟಿದ್ದೀನಿ.